ಮಸುಕು ಗಾಜಿನ ಮೇಲಿನ ಎರಡು ಗೆರೆ

ದೊಡ್ಡ ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ, ಎಡ ಅಂಚಿನಿಂದ ಒಂದಂಗುಲ ಒಳಗೆ, ಮೇಲಿಂದ ಕೆಳಗಿನವರೆಗೆ ಒಂದು ಪೆನ್ಸಿಲ್ ಗೆರೆ ಇದೆ. ಬಲಕ್ಕೂ ಅಂಥದೇ ಒಂದು. ಬಲಗಡೆಯದು ನಡುವೆ ಸ್ವಲ್ಪ ಸೊಟ್ಟಗಿದೆ. ಎಳೆಯುವಾಗ ಅಳತೆಪಟ್ಟಿ ಜಾರಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಎರಡೂ ಅಳಿಸಿಹೋಗುತ್ತವೆ. ಒರೆಸಬೇಡಿ ಎಂದು ಒಂದು ಚೀಟಿ ಬರೆದಿಡಲು ಕುಳಿತೆ. ಯಾಕೆ ಒರೆಸಬಾರದು ಎಂಬುದನ್ನೂ ಹೇಳಬೇಕೆನಿಸಿತು. ಚೀಟಿ ಇಷ್ಟು ಉದ್ದವಾಯಿತು.

ನಮ್ಮ ಸ್ಟುಡಿಯೋಕ್ಕೆ ಈಗ ಇಬ್ಬರು ಹುಡುಗಿಯರು ಸೇರಿದ್ದಾರೆ. ನಾನು ಬಿಟ್ಟಿದ್ದೇನೆ. ಇಪ್ಪತ್ತೊಂಬತ್ತನೇ ವಯಸ್ಸಿಗೆ ನಿವೃತ್ತಿ ಎಂದರೆ ಮನೆಯಲ್ಲಿ ನಗುತ್ತಾರೆ, ಆದರೆ ನನಗೆ ಬೇರೆ ಶಬ್ದ ಸಿಗಲಿಲ್ಲ. ಗಾಜಿನ ಪ್ಲೇಟಿನ ಮೇಲೆ ಚಿತ್ರ ಮೂಡಿಸುವ ದ್ರಾವಣಕ್ಕೆ ಮೆಟಾಲ್ ಎಂಬ ಪುಡಿ ಹಾಕುತ್ತೇವೆ. ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ. ಏಳು ವರ್ಷ ಆಗಿಬಂತು. ಎಂಟನೆಯ ವರ್ಷ ಬೆರಳ ಸಂದುಗಳು ಒಡೆದು ನೀರು ಸೋರತೊಡಗಿತು. ಡಾಕ್ಟರು ಕೈ ತಿರುಗಿಸಿ ನೋಡಿ, ಕತ್ತಲೆ ಕೋಣೆ ಬಿಡಬೇಕು, ಇಲ್ಲವೆ ಬೆರಳು ಬಿಡಬೇಕು ಎಂದರು. ಹುಡುಗಿಯರೇ, ಮೊದಲ ಪಾಠ ಇದೇ: ದ್ರಾವಣದಲ್ಲಿ ಬರಿಗೈ ಅದ್ದಬೇಡಿ, ಬಿದಿರಿನ ಚಿಮಟ ಬಳಸಿ. ನಾನು ಅವಸರಕ್ಕೆ ಬರಿಗೈ ಹಾಕುತ್ತಿದ್ದೆ.

ನನ್ನ ಮನೆಯ ವಿಷಯ, ಸಂಬಳದ ವಿಷಯ ಇಲ್ಲಿ ಬರೆಯುವುದಿಲ್ಲ. ಅವು ನಿಮಗೆ ಬೇಕಾಗಿಲ್ಲ. ಅಗಲದ ಲೆನ್ಸನ್ನು ನಾನು ಹೇಗೆ ಕಲಿತೆ, ಕಲಿಯುವಷ್ಟರಲ್ಲಿ ಏನಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಸ್ಟುಡಿಯೋ ಮಿರಜಿನಲ್ಲಿ, ಸ್ಟೇಶನ್ನಿನಿಂದ ಕಾಲುನಡಿಗೆಯ ದೂರದಲ್ಲಿದೆ. ಮಾಲೀಕರು ಪಾಯಪ್ಪ ಕಾಕಾ. ಕಪ್ಪು ಟೊಪ್ಪಿಗೆ, ಬೇಸಿಗೆಯಲ್ಲೂ ಕೋಟು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಶಿಸ್ತು ಕೆಲಸದಲ್ಲೂ ಇತ್ತು: ಬೆಳಕು ಇಳಿಯುವ ಮೊದಲು ಎಲ್ಲ ಮುಗಿಯಬೇಕು. ಅವರು ನನ್ನನ್ನು ತೆಗೆದುಕೊಂಡದ್ದಕ್ಕೆ ಕಾರಣ ಸರಳ. ಸಾಂಗ್ಲಿಯ ವ್ಯಾಪಾರಸ್ಥರ ವಾಡೆಗಳಲ್ಲಿ ಹೆಂಗಸರಿದ್ದ ಕಡೆಗೆ ಗಂಡಸು ಕ್ಯಾಮೆರಾ ಹೊತ್ತು ಹೋಗುವಂತಿರಲಿಲ್ಲ. ನಾನು ಹೋಗಬಹುದಿತ್ತು. ಮೊದಲ ದಿನ ಕಾಕಾ ನನ್ನ ಪದವಿಪತ್ರವನ್ನು ಓದದೆ ಮಡಿಸಿ ವಾಪಸು ಕೊಟ್ಟರು.

“ಬಿ.ಎಸ್ಸಿ. ಆಗೇತಿ ಅಂದ್ರ ಲೆನ್ಸಿನ ಬಗ್ಗೆ ನಾ ಹೇಳೂದು ಏನೂ ಉಳದಿಲ್ಲ, ಮಗಳ. ಮುಚ್ಚಳಾ ತಗಿಯೂದು, ಹಾಕೂದು, ಇಷ್ಟ ಕಲಿ.”

ಅದು ಮೆಚ್ಚುಗೆಯೋ ಕೊಂಕೋ ಎಂದು ನನಗೆ ಆಗ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ ಮಸೂರದ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಹಾಗಾಗಿ ನಾನೂ ಏನನ್ನೂ ಕೇಳಲಿಲ್ಲ. ಇಬ್ಬರ ಈ ಬಿಗುಮಾನಕ್ಕೆ ದಂಡ ತೆತ್ತವರು ಬೇರೆಯವರು.

ಅಗಲದ ಲೆನ್ಸು ಬಂದದ್ದು ನಾನು ಸೇರಿದ ಮರುವರ್ಷ. ರೈಲ್ವೆಯ ಇಂಜಿನಿಯರೊಬ್ಬರು ಊರು ಬಿಡುವಾಗ ಮಾರಿದ ಸಾಮಾನಿನಲ್ಲಿ ಕಾಕಾಗೆ ಸಿಕ್ಕಿತು. ಹಿತ್ತಾಳೆಯದು, ಕುಂಕುಮದ ಭರಣಿಗಿಂತ ದೊಡ್ಡದಲ್ಲ. ಕ್ಯಾಮೆರಾದ ಚರ್ಮದ ತಿದಿಯನ್ನು ಪೂರ್ತಿ ಒತ್ತಿ ಹಿಂದಕ್ಕೆ ತಂದರೆ ಮಾತ್ರ ಅದರ ಚಿತ್ರ ಸ್ಪಷ್ಟವಾಗುತ್ತಿತ್ತು. ಕಾಕಾ ನನ್ನನ್ನು ಸ್ಟುಡಿಯೋದ ಹಿಂದಿನ ಚಿಕ್ಕ ಕೋಣೆಗೆ ಕರೆದು, ಕರಿಬಟ್ಟೆಯೊಳಗೆ ತಲೆ ಹಾಕಲು ಹೇಳಿದರು.

ಆ ಕೋಣೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತಿದ್ದವು. ಹಳೆಯ ಲೆನ್ಸಿನಲ್ಲಿ ಅಲ್ಲಿ ಎದುರು ಗೋಡೆಯ ಒಂದು ತುಂಡಷ್ಟೇ ಕಾಣುತ್ತಿತ್ತು. ಈಗ ಎಡಗೋಡೆ, ಬಲಗೋಡೆ, ನೆಲ, ಮೇಲಿನ ತೊಲೆ ಎಲ್ಲವೂ ತಲೆಕೆಳಗಾಗಿ ಗಾಜಿನ ಮೇಲೆ ಬಂದು ನಿಂತವು. ಬಟ್ಟೆಯಿಂದ ಹೊರಬಂದು ಕೋಣೆಯನ್ನು ಬರಿಗಣ್ಣಿನಿಂದ ನೋಡಿದೆ. ಅದೇ ಇಕ್ಕಟ್ಟು. ಮತ್ತೆ ಒಳಗೆ ನೋಡಿದೆ. ಅದೊಂದು ಸಭಾಗೃಹ.

“ಏನ ಕಂಡಿ?” ಎಂದರು ಕಾಕಾ.

“ಎಲ್ಲಾ ಕಾಣಸ್ತದರಿ.”

“ಅದ ಅದರ ರೋಗ,” ಎಂದು ಅವರು ಮುಚ್ಚಳ ಹಾಕಿದರು.

ರೋಗ ಎಂದದ್ದರ ಅರ್ಥ ಮೊದಲು ತಿಳಿದದ್ದು ಒಂದು ತೊಟ್ಟಿಲ ಶಾಸ್ತ್ರದಲ್ಲಿ. ಚಿಕ್ಕ ಕೋಣೆಯಲ್ಲಿ ಹದಿನಾರು ಹೆಂಗಸರು, ತೊಟ್ಟಿಲು, ಎಲ್ಲವನ್ನೂ ಒಂದೇ ಪ್ಲೇಟಿನಲ್ಲಿ ಹಿಡಿದು ಹೆಮ್ಮೆಯಿಂದ ಬಂದೆ. ಪ್ರಿಂಟು ಹಾಕಿ ನೋಡಿದರೆ, ತೊಟ್ಟಿಲಿನ ಮೇಲೆ ಕಾಗೆಯ ರೆಕ್ಕೆಯಂತೆ ಒಂದು ಕಪ್ಪು ಮೂಲೆ. ನನ್ನ ಕರಿಬಟ್ಟೆಯ ತುದಿ ಲೆನ್ಸಿನ ಮುಂದೆ ಇಳಿಬಿದ್ದಿತ್ತು. ಹಳೆಯ ಲೆನ್ಸು ಅದನ್ನು ಕಾಣುತ್ತಲೇ ಇರಲಿಲ್ಲ. ಮಗುವಿನ ಅಜ್ಜಿ ಆ ಚಿತ್ರವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಕಾಕಾ ತಾವೇ ಹೋಗಿ ಕೈಮುಗಿದು, ಮಗುವಿನ ಇನ್ನೊಂದು ಚಿತ್ರಕ್ಕೆ ಏರ್ಪಾಡು ಮಾಡಿದರು. ನನಗೆ ಬೈಯಲಿಲ್ಲ. ಮರುದಿನ ಕರಿಬಟ್ಟೆಯ ನಾಲ್ಕು ಮೂಲೆಗೂ ಸೀಸದ ತುಂಡು ಹೊಲಿಸಿ ತಂದಿದ್ದರು. ಈಗಲೂ ಆ ಬಟ್ಟೆ ಭಾರವಾಗಿರುವುದು ಅದಕ್ಕೇ.

ಎರಡನೆಯದು ತಂಬೂರಿಯದು. ಮಿರಜಿನ ವಾದ್ಯಗಾರರ ಓಣಿಯಲ್ಲಿ ಇಮಾಮ ಚಾಚಾ ಎಂಬವರ ಅಂಗಡಿ. ದೂರದೂರಿನ ಗಿರಾಕಿಗಳಿಗೆ ಕಳಿಸಲು ಅಂಗಡಿಯ ಚಿತ್ರ ಬೇಕಿತ್ತು. ಏಳು ತಂಬೂರಿಗಳನ್ನು ಸಾಲಾಗಿ ನಿಲ್ಲಿಸಿ ತೆಗೆದುಕೊಟ್ಟೆ. ಮೂರನೆಯ ದಿನ ಚಾಚಾ ಚಿತ್ರ ಹಿಡಿದು ಬಂದರು. ಸಿಟ್ಟಿರಲಿಲ್ಲ, ನಷ್ಟವಾದವರ ಮುಖವಿತ್ತು.

“ಬಾಯಿ, ಈ ಭೋಪಳಾ ನಂದಲ್ಲ,” ಎಂದು ಕೊನೆಯ ತಂಬೂರಿಯ ಬುರುಡೆಯ ಮೇಲೆ ಬೆರಳಿಟ್ಟರು. ಭೋಪಳಾ ಎಂದರೆ ತಂಬೂರಿಯ ತಳದ ಒಣಗಿದ ದೊಡ್ಡ ಸೋರೆಬುರುಡೆ.

“ನಿಮ್ದ ಐತ್ರಿ ಚಾಚಾ. ನಾನ ನಿಂದರಿಸಿದೆ.”

“ನಾ ಒಂದ ಬಂಡಿ ಭೋಪಳಾದಾಗ ಒಂದ ಆರಸ್ತೇನಿ. ಗುಂಡಗ ಇಲ್ಲದ್ದು ನನ್ನ ಅಂಗಡಿ ಮೆಟ್ಟಲಾ ಹತ್ತೂದಿಲ್ಲ. ಇದ ನೋಡ್ರಿ, ಹಲಸಿನಹಣ್ಣ ಆಗೇತಿ. ಇದನ್ನ ನೋಡಿ ಯಾವ ಗವಾಯಿ ನನ್ನ ಕಡೆ ಬರ್ತಾನ?”

ನಾನು ನೋಡಿದೆ. ನಡುವಿನ ಬುರುಡೆ ದುಂಡಗಿತ್ತು. ಅಂಚಿನವು ಎರಡೂ ಅಡ್ಡಡ್ಡ ಉಬ್ಬಿದ್ದವು. ಕಾಕಾ ನಗುತ್ತ, “ಚಾಚಾ, ಮೂರ ತಂಬೂರಿ ಇಡ್ರಿ, ನಡುವ ಇಡ್ರಿ,” ಎಂದು ಹೇಳಿ ಹಳೆಯ ಲೆನ್ಸಿನಲ್ಲಿ ತೆಗೆದುಕೊಟ್ಟರು. ನಾನು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಚಪ್ಪಟೆ ಗೋಡೆಯನ್ನು ಆ ಲೆನ್ಸು ಗೋಡೆಯಾಗಿಯೇ ತೋರಿಸುತ್ತದೆ. ಬಾಗಿಲ ಚೌಕಟ್ಟು ನೆಟ್ಟಗೇ ಬರುತ್ತದೆ. ಗುಂಡಗಿನ ವಸ್ತು ಮಾತ್ರ ಅಂಚಿಗೆ ಹೋದಷ್ಟೂ ಅಗಲವಾಗುತ್ತದೆ, ತೀರ ತುದಿಯಲ್ಲಿ ಒಂದಕ್ಕೆ ಒಂದೂಕಾಲು. ಲೆಕ್ಕ ಸರಿಯಾಯಿತೆಂದು ಸಂತೋಷಪಟ್ಟು ಕಾಗದ ಮಡಿಸಿಟ್ಟೆ. ಬುರುಡೆಗೆ ಆದದ್ದು ಮನುಷ್ಯರಿಗೂ ಆಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಇವತ್ತಿಗೂ ನನ್ನನ್ನು ಬೆಚ್ಚಿಸುವುದು ಇದೇ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ.

ಆ ಮಳೆಗಾಲ ಮುಗಿಯುತ್ತಿದ್ದಂತೆ ಸಾಂಗ್ಲಿಯಿಂದ ಕರೆ ಬಂತು. ಬೆಲ್ಲದ ವ್ಯಾಪಾರಿ ಮಲ್ಲಪ್ಪನವರು ತೀರಿಕೊಂಡಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕುಳಿತು ಕೊನೆಯ ಚಿತ್ರ ತೆಗೆಸಿಕೊಳ್ಳುತ್ತಾರೆ. ಪಡಸಾಲೆಗಳು ಉದ್ದ, ಆದರೆ ಅಗಲವಿಲ್ಲ. ಹಿಂದೆ ಸರಿಯಲು ಜಾಗವಿರುವುದಿಲ್ಲ. ಮೊದಲೆಲ್ಲ ಸತ್ತವರು, ಹೆಂಡತಿ, ಹಿರಿಯ ಮಕ್ಕಳು ಇಷ್ಟೇ ಪ್ಲೇಟಿಗೆ ಸಿಗುತ್ತಿದ್ದರು. ಕಾಕಾ ಅಗಲದ ಲೆನ್ಸು ಕೊಂಡದ್ದು ಮುಖ್ಯವಾಗಿ ಈ ಚಿತ್ರಗಳಿಗಾಗಿ.

ನಾನು ಹೋದಾಗ ಪಡಸಾಲೆಯಲ್ಲಿ ಇಪ್ಪತ್ತು ಇಪ್ಪತ್ತೆರಡು ಜನ. ನಡುವೆ ಮಲ್ಲಪ್ಪನವರು. ಅವರ ಪಕ್ಕ ಹೆಂಡತಿ ಗಂಗವ್ವ, ಅಳು ಮುಗಿದು ಕಲ್ಲಿನಂತೆ. ಇನ್ನೊಂದು ಪಕ್ಕ ಅವರ ಅಣ್ಣ ಬಸಪ್ಪನವರು, ಬುಧಗಾಂವದಿಂದ ಬಂದವರು. ತಲೆಗೆ ಸುತ್ತಿದ ದೊಡ್ಡ ಪಟಕಾ, ಬಿಳಿ ಮೀಸೆ. ಬಲಗಡೆ ಕೊನೆಯಲ್ಲಿ ಒಂದು ಮರದ ಕಂಬ. ಕಂಬದ ಹಿಂದೆ ಗಂಗವ್ವನ ಸೊಸೆ ಶಾಂತವ್ವ ನಿಂತಿದ್ದಳು. ಅವಳ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆ ಮನೆಯಲ್ಲಿ ವಿಧವೆ ಚಿತ್ರಕ್ಕೆ ನಿಲ್ಲುವ ಪದ್ಧತಿಯಿರಲಿಲ್ಲ.

ನಾನು ಅವಳನ್ನು ಕರೆದದ್ದು ಕನಿಕರದಿಂದ ಎಂದು ಬರೆಯಬಹುದು. ನಿಜ ಹಾಗಲ್ಲ. ಅವಳ ಮೂರು ವರ್ಷದ ಮಗಳು ಚನ್ನಿ ಸಾಲಿನಲ್ಲಿ ನಿಲ್ಲದೆ ಮತ್ತೆ ಮತ್ತೆ ಕಂಬದ ಕಡೆಗೆ ಓಡುತ್ತಿತ್ತು. ಆ ಬೆಳಕಿಗೆ ಎಂಟು ಎಣಿಸುವವರೆಗೆ ಮುಚ್ಚಳ ತೆರೆದಿಡಬೇಕಿತ್ತು. ಮಗು ಅಲುಗಿದರೆ ಪ್ಲೇಟು ಹಾಳು. ಯುದ್ಧದ ಕಾಲ, ಪ್ಲೇಟು ಸಿಗುವುದೇ ಕಷ್ಟ.

“ನೀವೂ ಈಚಿಗೆ ಬರ್ರಿ,” ಎಂದೆ. “ಮಗಳ ಕೈ ಹಿಡ್ಕೊಂಡ ನಿಂದರ್ರಿ.”

ಅವಳು ಅತ್ತೆಯ ಕಡೆ ನೋಡಿದಳು. ಗಂಗವ್ವ ಯಾರನ್ನೂ ನೋಡುತ್ತಿರಲಿಲ್ಲ. ಶಾಂತವ್ವ ಕಂಬದಿಂದ ಈಚೆ ಬಂದು, ಸೆರಗನ್ನು ಮುಂದೆ ಎಳೆದು ಮುದ್ದೆ ಮಾಡಿ ಹಿಡಿದು ನಿಂತಳು. ಚನ್ನಿ ಅವಳ ಎರಡು ಬೆರಳು ಹಿಡಿಯಿತು. ಗಾಜಿನಲ್ಲಿ ಅವಳು ತೀರ ಅಂಚಿನಲ್ಲಿ, ತಲೆಕೆಳಗಾಗಿ, ಪೂರ್ತಿ ಬಂದಿದ್ದಳು. ಎಲ್ಲರೂ ಬಂದರು ಎಂದು ನನಗೆ ಸಮಾಧಾನವಾಯಿತು. ಎಂಟು ಎಣಿಸಿದೆ. ಮೂರು ಪ್ರಿಂಟು ಹಾಕಿಕೊಟ್ಟೆ: ಒಂದು ಮನೆಗೆ, ಒಂದು ಬುಧಗಾಂವಕ್ಕೆ, ಒಂದು ಶಾಂತವ್ವನ ತವರು ಮ್ಹೈಸಾಳಕ್ಕೆ. ಅವುಗಳಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿದ್ದವರು ಮಲ್ಲಪ್ಪನವರು. ಉಸಿರಾಡದವರು ಅವರೊಬ್ಬರೇ.

ಒಂದು ತಿಂಗಳಾಗಿರಬೇಕು. ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಒಬ್ಬರು ಕುಳಿತಿದ್ದರು. ಶಾಂತವ್ವನ ಅಣ್ಣ, ಈರಪ್ಪ ಎಂದು ಹೇಳಿಕೊಂಡರು. ಒಳಗೆ ಬಂದು ಪಂಚೆಯ ಮಡಿಕೆಯಿಂದ ಚಿತ್ರ ತೆಗೆದು ಮೇಜಿನ ಮೇಲೆ ಬೋರಲು ಇಟ್ಟರು. ತಿರುಗಿಸಲಿಲ್ಲ.

“ಇದನ್ನ ತಗದವರು ನೀವೇನ್ರಿ?”

“ಹೌದ್ರಿ.”

“ಹಂಗಾದ್ರ ನೀವು ಆಕೀನ್ನ ಎದುರಿಗೆ ನೋಡೀರಿ. ನನಗ ಖರೆ ಹೇಳ್ರಿ. ಆಕಿ ಬಸುರಿ ಅದಾಳೇನ್ರಿ?”

ನಾನು ಚಿತ್ರ ತಿರುಗಿಸಿದೆ. ನಾನೇ ತೆಗೆದು, ನಾನೇ ತೊಳೆದು, ನಾನೇ ಒಣಗಿಸಿದ ಚಿತ್ರ. ಆವರೆಗೆ ಅದರಲ್ಲಿ ಬೆಳಕನ್ನು ನೋಡಿದ್ದೆ, ಗೀರು ಬಿದ್ದಿದೆಯೇ ಎಂದು ನೋಡಿದ್ದೆ, ಜನರನ್ನು ನೋಡಿರಲಿಲ್ಲ. ಬಲ ಅಂಚಿನಲ್ಲಿ ತೆಳ್ಳಗಿನ ಶಾಂತವ್ವ ಇರಲಿಲ್ಲ. ಅಗಲವಾದ ಮುಖ, ಅಗಲವಾದ ತೋಳು. ಸೆರಗಿನ ಮುದ್ದೆ ಮಗುವಿನ ಎಳೆತಕ್ಕೆ ಅಲುಗಿ, ಹೊಟ್ಟೆಯ ಮುಂದೆ ಗುಂಡಾಗಿ ಉಬ್ಬಿ ನಿಂತಿತ್ತು. ಐದಾರು ತಿಂಗಳು ಎಂದು ಯಾರೂ ಹೇಳಬಹುದಿತ್ತು. ಹಲಸಿನಹಣ್ಣು ಎಂಬ ಇಮಾಮ ಚಾಚಾರ ಮಾತು ಕಿವಿಯಲ್ಲಿ ಬಂತು.

ಈರಪ್ಪ ನಿಧಾನವಾಗಿ ಉಳಿದದ್ದನ್ನು ಹೇಳಿದರು. ಬುಧಗಾಂವದಲ್ಲಿ ಬಸಪ್ಪನವರ ಮನೆಯ ಹೆಂಗಸರು ಚಿತ್ರ ನೋಡಿ ಮೊದಲು ಸುಮ್ಮನಾದರು, ಆಮೇಲೆ ಮಾತಾಡಿದರು. ಬಸಪ್ಪನವರು ಸಾಂಗ್ಲಿಗೆ ಬಂದು ಕೂತಿದ್ದಾರೆ. ಇವತ್ತು ಹೊತ್ತು ಇಳಿಯುವ ಮೊದಲು ಶಾಂತವ್ವನನ್ನು ತವರಿಗೆ ಕರೆದೊಯ್ಯಬೇಕು ಎಂದು ಈರಪ್ಪನಿಗೆ ಹೇಳಿಕಳಿಸಿದ್ದಾರೆ. ಚನ್ನಿ ಮಾತ್ರ ಆ ಮನೆಯ ಕೂಸು, ಅದು ಅಲ್ಲೇ ಇರಬೇಕು.

“ಸೂಲಗಿತ್ತೀನ್ನ ಕರಸಿ ನೋಡಸ್ರಿ ಅಂದೆ. ಗಂಗವ್ವತ್ತಿ ಒಲ್ಲೆ ಅಂದ್ರು. ಸೂಲಗಿತ್ತಿ ಹೊಸ್ತಿಲಾ ದಾಟಿದ್ರ ಸಾಕಂತ, ಆಕಿ ಏನ ಹೇಳಿದ್ರೂ ಓಣಿಗೆ ಬ್ಯಾರೇನ ಗೊತ್ತಾಗತೈತಿ ಅಂತ. ಖರೇನೂ ಐತಿ.” ಅವರು ಚಿತ್ರವನ್ನು ಮತ್ತೆ ಬೋರಲು ಮಾಡಿದರು. “ಗಾಡಿ ಹೊರಗ ಐತ್ರಿ. ಹೋಗೂದರಾಗ ಒಮ್ಮೆ ನಿಮ್ಮನ್ನ ಕೇಳಬೇಕ ಅನಸ್ತು.”

“ಆಕಿ ಹಂಗಿಲ್ಲರಿ,” ಎಂದೆ. “ಇದ ಲೆನ್ಸಿನ ತಪ್ಪು. ನನ್ನ ತಪ್ಪು.”

ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಬಂದು ಕೇಳಿಸಿಕೊಂಡಿದ್ದ ಕಾಕಾಗೆ ಅರ್ಥವಾಗಿತ್ತು. ಅವರು ನನ್ನನ್ನು ಕತ್ತಲೆ ಕೋಣೆಗೆ ಕರೆದು ಬಾಗಿಲು ಹಾಕಿದರು.

“ಅಂಚಿಗೆ ಮಂದೀನ್ನ ನಿಂದರಸಬಾರದು. ಗೋಡೆ ಬಿಡಬೇಕು, ಕಂಬಾ ಬಿಡಬೇಕು. ಎಲ್ಲಾರಿಗೂ ಗೊತ್ತಿರೂ ಮಾತು.”

“ನನಗ್ಯಾಕ ಹೇಳಲಿಲ್ಲ ಕಾಕಾ?”

“ನೀ ಬಿ.ಎಸ್ಸಿ. ಅಂತ ತಿಳದೆ.”

ನಾನು ಆ ಕ್ಷಣದಲ್ಲಿ ಸಿಟ್ಟಾಗಲಿಲ್ಲ. ಕ್ಯಾಮೆರಾ ಒಯ್ದು ಸಾಂಗ್ಲಿಯ ಮನೆಯವರಿಗೆ ತೋರಿಸುತ್ತೇನೆ ಎಂದೆ. ಕಾಕಾ ಬೇಡವೆಂದರು. ಕೋರ್ಟಿನವರು ಜಗಳದ ಗೋಡೆ, ಬಿದ್ದ ಮನೆಗಳ ಚಿತ್ರ ನಮ್ಮಿಂದ ತೆಗೆಸುತ್ತಿದ್ದರು. ಫೋಟೋ ಸುಳ್ಳು ಹೇಳುವುದಿಲ್ಲ ಎಂದು ಕಾಕಾ ಸಾಕ್ಷಿಕಟ್ಟೆಯಲ್ಲಿ ನಿಂತು ಎಷ್ಟೋ ಸಲ ಹೇಳಿದ್ದರು.

“ನಮ್ಮ ಬಾಯಿಲೇ ನಾವ ಲೆನ್ಸ ಸುಳ್ಳ ಅಂದ್ರ, ನಾಳೆ ವಕೀಲ ನನ್ನ ಸುಮ್ಮ ಬಿಡ್ತಾನೇನು?”

“ಗೋಡೆ ಸುಳ್ಳ ಆಗೂದಿಲ್ಲ ಕಾಕಾ. ಗುಂಡಗಿದ್ದದ್ದ ಅಷ್ಟ ಉಬ್ಬತೈತಿ. ನಾ ಲೆಕ್ಕಾ ಹಾಕೇನಿ.”

“ಯಾವಾಗ ಹಾಕಿದಿ?”

“ತಂಬೂರಿ ಆದ ದಿನ.”

ಅದಕ್ಕೆ ಕಾಕಾ ಹೇಳಿದ್ದು ಇಷ್ಟೇ: “ಗೊತ್ತಿದ್ದೂ ಇಬ್ಬರೂ ಸುಮ್ಮ ಇದ್ದಿವಿ.” ಹೊರಗೆ ಹೋಗಿ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕ್ಯಾಮೆರಾಕ್ಕೆ ತಾವೇ ತಿರುವಿ ಕೂಡಿಸಿ, ಪೆಟ್ಟಿಗೆಯನ್ನು ಈರಪ್ಪನವರ ಗಾಡಿಗೆ ಇಟ್ಟರು. “ನಾ ಬರೂದಿಲ್ಲ. ಗಂಡಸು ಹೇಳಿದ್ರ ಅದು ಬ್ಯಾರೇ ಮಾತಾಗತೈತಿ.”

ನಾವು ಸಾಂಗ್ಲಿ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ಅಂಗಳದಲ್ಲಿ ಶಾಂತವ್ವನ ಟ್ರಂಕು, ಅದರ ಮೇಲೆ ಒಂದು ಬಟ್ಟೆಯ ಗಂಟು. ಬಸಪ್ಪನವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಗಂಗವ್ವ ಒಳಬಾಗಿಲಲ್ಲಿ. ನಾನು ಬಂದ ಕಾರಣ ಹೇಳಿದೆ. ಬಸಪ್ಪನವರು ಕೇಳಿ, “ಫೋಟೋ ತಗದಾಕೀನ ಬಂದ ಫೋಟೋ ಸುಳ್ಳ ಅಂತಾಳ,” ಎಂದು ಗೋಡೆಗೆ ಹೇಳಿದರು.

ಗಂಗವ್ವ ನನ್ನ ಹತ್ತಿರ ಬಂದರು. “ನಾ ಆಕೀನ್ನ ದಿನಾ ನೋಡ್ತೇನಿ, ಯವ್ವಾ. ನನ್ನ ಕಣ್ಣು ಒಂದ ಹೇಳ್ತಾವ, ಕಾಗದ ಒಂದ ಹೇಳತೈತಿ. ಮಂದಿ ಕಾಗದಾನ ನಂಬತಾರ. ಕಾಗದದ ಮುಂದ ನನ್ನ ಕಣ್ಣಿಗೆ ಏನ ಕಿಮ್ಮತ್ತು?”

“ಕಾಗದ ಬ್ಯಾಡ್ರಿ. ನಿಮ್ಮ ಕಣ್ಣಿಲೇನ ನೋಡ್ರಿ,” ಎಂದೆ.

ಕ್ಯಾಮೆರಾದ ಮೂರು ಕಾಲುಗಳ ಗುರುತು ಮಣ್ಣಿನ ನೆಲದ ಮೇಲೆ ಇನ್ನೂ ಇದ್ದವು. ಅಲ್ಲೇ ಇಟ್ಟೆ. ಗಂಗವ್ವನನ್ನು ಕರಿಬಟ್ಟೆಯೊಳಗೆ ಬಿಟ್ಟು, ಗಾಜನ್ನು ತೋರಿಸಿ, ಮಲ್ಲಪ್ಪನವರನ್ನು ಕೂರಿಸಿದ್ದ ಜಾಗದ ಪಕ್ಕಕ್ಕೆ ಹೋಗಿ ನಿಂತೆ.

“ತೆಳಗ ಮ್ಯಾಲೆ ಆಗೀದಿ,” ಬಟ್ಟೆಯೊಳಗಿನಿಂದ ಧ್ವನಿ ಬಂತು.

“ಹಂಗ ಕಾಣೂದರಿ. ನನ್ನ ದೇಹ ಅಷ್ಟ ನೋಡ್ರಿ.”

ನನ್ನ ಚಿತ್ರವನ್ನು ನಾನು ಎಂದೂ ತೆಗೆಸಿಕೊಂಡವಳಲ್ಲ. ಯಾರಾದರೂ ನೆಟ್ಟಗೆ ನೋಡಿದರೂ ನನಗೆ ಆಗುವುದಿಲ್ಲ. ಸೆರಗನ್ನು ಮುಂದೆ ಎಳೆದು, ಮುದ್ದೆ ಮಾಡಿ ಹಿಡಿದು, ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ ಕಂಬದ ಕಡೆಗೆ ನಡೆದೆ. ಒಂಬತ್ತು ಹೆಜ್ಜೆ. ಮದುವೆಯಾಗದ ಹುಡುಗಿ ಹೀಗೆ ನಡೆದಳೆಂದು ನಾಳೆ ಯಾರು ಏನೆನ್ನುತ್ತಾರೋ ಎಂಬುದು ಆರನೆಯ ಹೆಜ್ಜೆಯಲ್ಲಿ ತಲೆಗೆ ಬಂತು. ನಿಲ್ಲಲಿಲ್ಲ. ಕಂಬದ ಪಕ್ಕ ನಿಂತೆ.

ಬಟ್ಟೆ ಅಲುಗಲಿಲ್ಲ. “ಮತ್ತೊಮ್ಮೆ ನಡುವ ಹೋಗು,” ಎಂದರು ಗಂಗವ್ವ. ಹೋದೆ. “ಈಗ ಬಾ.” ಬಂದೆ.

ಅವರು ಹೊರಗೆ ಬಂದಾಗ ಕೂದಲು ಕೆದರಿತ್ತು. ಮುಖದಲ್ಲಿ ಹೆದರಿಕೆ ಇತ್ತು, ಸಮಾಧಾನವಲ್ಲ. “ನಡೀತ ನಡೀತ ಉಬ್ಬಿದಳು,” ಎಂದು ತಮಗೇ ಹೇಳಿಕೊಂಡರು. ಆಮೇಲೆ ಮೈತುಂಬ ಸೆರಗು ಹೊದ್ದು ತಿರುಗಿದರು. “ಭಾವಾರ, ನೀವ ನೋಡ್ರಿ.”

“ಹೆಣ್ಣಮಕ್ಕಳ ಬಟ್ಟಿ ಒಳಗ ನಾ ತಲಿ ಹಾಕೂದಿಲ್ಲ.”

“ಅದು ಯಂತ್ರದ ಬಟ್ಟಿ. ಬರ್ರಿ.”

ಮೂವತ್ತೈದು ವರ್ಷ ಆ ಮನೆಯಲ್ಲಿ ಬಾಳಿದ ಗಂಗವ್ವ ಭಾವನ ಎದುರಿಗೆ ನಿಂತು ಮಾತಾಡಿದ್ದು ಅದೇ ಮೊದಲು ಎಂದು ಈರಪ್ಪ ನನಗೆ ಆಮೇಲೆ ಹೇಳಿದರು. ಬಸಪ್ಪನವರಿಗೂ ಗರ ಬಡಿದಂತಾಗಿರಬೇಕು, ಎದ್ದು ಬಂದರು. ಪಟಕಾ ತೆಗೆದು ಕೈಯಲ್ಲಿ ಹಿಡಿದು ಬಟ್ಟೆಯೊಳಗೆ ಬಾಗಿದರು. ನಾನು ನಡೆಯಲು ಹೊರಟೆ. ಗಂಗವ್ವ ನನ್ನ ತೋಳು ಹಿಡಿದು ನಿಲ್ಲಿಸಿ ತಾವೇ ಹೋದರು. ನಡುವಿನಿಂದ ಕಂಬದವರೆಗೆ, ನನ್ನಂತೆಯೇ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ. ತುದಿಯಲ್ಲಿ ನಿಂತು, ಸೆರಗನ್ನು ಹೊಟ್ಟೆಯ ಮುಂದೆ ಹಿಡಿದರು.

“ನಾನೂ ಗಂಡ ಸತ್ತಾಕಿ, ಇನ್ನ ಮ್ಯಾಲೆ ನನ್ನ ಜಾಗಾನೂ ಇದ ಅಲ್ಲೇನ್ರಿ. ನೋಡಿ ಹೇಳ್ರಿ ಭಾವಾರ, ನನಗೆಷ್ಟ ತಿಂಗಳು?”

ಕರಿಬಟ್ಟೆಯೊಳಗೆ ಬಸಪ್ಪನವರ ಉಸಿರು ಕೇಳುತ್ತಿತ್ತು. ಅವರು ಹೊರಬಂದು ಪಟಕಾ ತಲೆಗೆ ಇಟ್ಟುಕೊಂಡದ್ದು ಸೊಟ್ಟಗಾಗಿತ್ತು. ನನ್ನ ಕಡೆ ನೋಡಿದರು, ಕಣ್ಣಲ್ಲಿ ನೀರಿತ್ತು.

“ಹಂಗಾರ ನಮ್ಮ ತಮ್ಮನ ಮಾರಿನೂ ಸುಳ್ಳೇನು? ನಾ ಅದನ್ನ ದೇವರ ಜಗಲಿ ಮ್ಯಾಲೆ ಇಟ್ಟೇನಿ.”

“ಇಲ್ಲರಿ. ನಡುವಿಂದು ಖರೆ ಐತಿ,” ಎಂದೆ. “ನಡುವ ಇದ್ದವರಿಗೆ ಏನೂ ಆಗೂದಿಲ್ಲ.”

ಅವರು ತಲೆಯಾಡಿಸಿದರು. ತಪ್ಪಾಯಿತು ಎನ್ನಲಿಲ್ಲ. ಅಂಗಳಕ್ಕೆ ಇಳಿದು ಈರಪ್ಪನಿಗೆ, “ಎತ್ತಿನ ಕೊಳ್ಳ ಹರೀರಿ. ಮೇವ ಹಾಕ್ರಿ,” ಎಂದರು. ಟ್ರಂಕನ್ನು ತಾವೇ ಒಂದು ಕಡೆ ಹಿಡಿದು ಎತ್ತಿ ಒಳಗೆ ತಂದರು.

ನಾನು ಕ್ಯಾಮೆರಾ ಮಡಚುತ್ತಿದ್ದಾಗ ಶಾಂತವ್ವ ಅಡುಗೆಮನೆಯಿಂದ ನೀರು ತಂದಳು. ಇಷ್ಟು ಹೊತ್ತೂ ಅವಳು ಬಾಗಿಲ ಹಿಂದೆ ಇದ್ದಳು. ಹತ್ತಿರದಿಂದ ಅವಳ ಮುಂಗೈ ಕಡ್ಡಿಯಂತಿತ್ತು. ಅವಳು ಏನಾದರೂ ಒಳ್ಳೆಯದು ಹೇಳಬಹುದೆಂದು ನಾನು ಕಾಯುತ್ತಿದ್ದೆನೆಂಬುದು ಅವಳು ಬಾಯಿ ತೆರೆದ ಮೇಲೆ ನನಗೆ ಗೊತ್ತಾಯಿತು.

“ನಾ ಕಂಬದ ಹಿಂದ ಚಲೋ ಇದ್ದೆ. ನನ್ನ ಯಾಕ ಕರದ್ರಿ ಬಾಯಾರ?”

ಪ್ಲೇಟು ಹಾಳಾಗುತ್ತದೆಂದು ಕರೆದೆ ಎಂದು ಹೇಳಲಾಗಲಿಲ್ಲ.

“ನನ್ನ ಅದರಾಗಿಂದ ತಗೀರಿ.”

“ಇರಲಿ ಬಿಡ, ಶಾಂತಾ,” ಎಂದರು ಗಂಗವ್ವ.

“ಬ್ಯಾಡ್ರಿ ಅತ್ತಿ. ಮತ್ತ ಹತ್ತ ವರ್ಷದ ಮ್ಯಾಲೆ ಯಾರರ ನೋಡ್ತಾರ. ಆಗ ಈ ಬಾಯಾರು ಯಂತ್ರಾ ತಗೊಂಡ ಬರೂದಿಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಮನೆಯ ಪ್ರಿಂಟನ್ನೂ ಈರಪ್ಪನವರದನ್ನೂ ಕೇಳಿ ಪಡೆದೆ. ಬಸಪ್ಪನವರು ಜಗಲಿಯಿಂದ ತೆಗೆದು ಜೊತೆಯಲ್ಲಿ ತಂದಿದ್ದ ತಮ್ಮದನ್ನು ಕೊಡುವಾಗ, ತಮ್ಮನ ಮುಖದ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ ಕೊಟ್ಟರು.

ಮರುದಿನ ಬೆಳಿಗ್ಗೆ ಕಾಕಾ ಬರುವ ಮೊದಲು ಸ್ಟುಡಿಯೋ ತೆರೆದೆ. ಹಳೆಯ ಮೂರೂ ಪ್ರಿಂಟುಗಳನ್ನು ಹರಿದು ಒಲೆಗೆ ಹಾಕಿದೆ. ಪ್ಲೇಟನ್ನು ಕಿಟಕಿಗೆ ಹಿಡಿದು, ಶಾಂತವ್ವನ ಮೊಣಕೈ ಎಲ್ಲಿ ಶುರುವಾಗುತ್ತದೆಂದು ನೋಡಿ, ಅಲ್ಲಿಂದ ಅಂಚಿನವರೆಗೆ ಕರಿ ಕಾಗದ ಅಂಟಿಸಿದೆ. ಚನ್ನಿ ಒಳಗೆ ಉಳಿಯಿತು. ಅದರ ಕೈ ಹೊರಕ್ಕೆ ಚಾಚಿತ್ತು. ಮುಷ್ಟಿಯಲ್ಲಿ ತಾಯಿಯ ಎರಡು ಬೆರಳು. ಅವನ್ನೂ ಮುಚ್ಚಬೇಕೇ ಎಂದು ಕಾಗದವನ್ನು ಎರಡು ಸಲ ಸರಿಸಿ ನೋಡಿದೆ. ಮುಚ್ಚಿದರೆ ಮಗುವಿನ ಕೈ ತುಂಡಾಗುತ್ತಿತ್ತು. ಬೆರಳುಗಳನ್ನು ಬಿಟ್ಟೆ. ಬಿಸಿಲಿಗೆ ಇಟ್ಟು ಮೂರು ಪ್ರಿಂಟು ತೆಗೆದು ತೊಳೆದು ಹಗ್ಗಕ್ಕೆ ಹಾಕಿದೆ.

ಆಮೇಲೆ ಕ್ಯಾಮೆರಾದ ಹಿಂಬಾಗಿಲ ತಿರುಪು ಬಿಚ್ಚಿ ಮಸುಕು ಗಾಜನ್ನು ಹೊರತೆಗೆದೆ. ಅದರ ಒರಟು ಮೈ ಮೇಲೆ ಪ್ಲೇಟನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟು, ಕರಿ ಕಾಗದ ಮುಗಿದಲ್ಲಿ ಗುರುತು ಹಾಕಿದೆ. ಪೆನ್ಸಿಲು ಚೂಪು ಮಾಡಿ, ಅಳತೆಪಟ್ಟಿ ಹಿಡಿದು, ಎಡಕ್ಕೆ ಒಂದು ಗೆರೆ ಎಳೆದೆ. ಬಲಕ್ಕೆ ಎಳೆಯುವಾಗ ಬಾಗಿಲಲ್ಲಿ ಕಾಕಾ ನಿಂತಿದ್ದರು. ಅಳತೆಪಟ್ಟಿ ಸ್ವಲ್ಪ ಜಾರಿತು. ಅವರು ಬಂದು ಅದರ ಇನ್ನೊಂದು ತುದಿಯನ್ನು ಒತ್ತಿ ಹಿಡಿದರು. ನಾನು ಗೆರೆಯನ್ನು ಕೆಳಗಿನವರೆಗೆ ಎಳೆದು ಮುಗಿಸಿದೆ.